ಕೊಡಗಿನ ಗದ್ದೆಗೆ ಯಾವ ಭತ್ತ? ಬೆಂಕಿ ರೋಗ ಮತ್ತು ಇಳುವರಿಯನ್ನು ಒಟ್ಟಿಗೆ ಅಳೆದು ತಳಿ ಆರಿಸುವ ಬಗೆ

ಬೆಂಕಿ ರೋಗ (ಭತ್ತಕ್ಕೆ ಬರುವ ಬ್ಲಾಸ್ಟ್ ಎಂಬ ಶಿಲೀಂಧ್ರ ರೋಗ) ಬಂದ ವರ್ಷ ಕಣಕ್ಕೆ ಎಷ್ಟು ಗಟ್ಟಿ ಕಾಳು ಬರುತ್ತದೆಯೋ ಅದೇ ಕೊಡಗಿನಲ್ಲಿ ಒಂದು ತಳಿಯ ನಿಜವಾದ ಇಳುವರಿ. ಬೀಜದ ಚೀಲದ ಮೇಲೆ ಬರೆದ ಕ್ವಿಂಟಲ್ ಲೆಕ್ಕ ರೋಗವಿಲ್ಲದ ಗದ್ದೆಯದು. ನಮ್ಮಲ್ಲಿ ಅಂಥ ವರ್ಷ ಸಿಗುವುದು ಅಪರೂಪ. ಜುಲೈ, ಆಗಸ್ಟ್‌ನಲ್ಲಿ ನಾಟಿಯಾದ ಪೈರು ತೆನೆ ಹಾಯುವ ಹೊತ್ತಿಗೆ ಅಕ್ಟೋಬರ್ ಬಂದಿರುತ್ತದೆ. ಮಳೆ ಹಿಂದೆ ಸರಿದಿರುತ್ತದೆ, ರಾತ್ರಿ ತಂಪಾಗುತ್ತದೆ, ಬೆಳಗ್ಗೆ ಒಂಬತ್ತರವರೆಗೂ ಎಲೆಯ ಮೇಲೆ ಇಬ್ಬನಿ ಆರುವುದಿಲ್ಲ. ಬೆಂಕಿ ರೋಗದ ಶಿಲೀಂಧ್ರಕ್ಕೆ ಬೇಕಾದ್ದು ಇಷ್ಟೇ: 20ರಿಂದ 28 ಡಿಗ್ರಿ ಉಷ್ಣಾಂಶ ಮತ್ತು ಎಂಟು ಹತ್ತು ಗಂಟೆ ಒದ್ದೆಯಾಗಿಯೇ ಇರುವ ಎಲೆ. ಅಖಿಲ ಭಾರತ ಭತ್ತ ಸಂಶೋಧನಾ ಯೋಜನೆಯವರು ಹೊಸ ತಳಿಗಳನ್ನು ಈ ರೋಗಕ್ಕೆ ಒಡ್ಡಿ ನೋಡುವ ಕೇಂದ್ರಗಳಲ್ಲಿ ಪೊನ್ನಂಪೇಟೆಯೂ ಒಂದಾಗಿರುವುದು ಸುಮ್ಮನೆ ಅಲ್ಲ. ಇಲ್ಲಿ ರೋಗ ಕರೆಯದೆಯೇ ಬರುತ್ತದೆ.

ಹಾಗಾಗಿ ಬೇರೆ ಜಿಲ್ಲೆಯಲ್ಲಿ ಚೆನ್ನಾಗಿ ಬಂತು ಎಂಬ ಮಾತಿನ ಮೇಲೆ ಇಡೀ ಗದ್ದೆಗೆ ಹೊಸ ತಳಿ ಹಾಕುವುದು ಬೇಡ. ಹತ್ತು ಹನ್ನೆರಡು ಸೆಂಟ್ ಜಾಗದಲ್ಲಿ ಆರು ತಳಿಗಳನ್ನು ಪಕ್ಕಪಕ್ಕ ಬೆಳೆದು ನೋಡಬಹುದು. ಹೇಗೆ ನೋಡಬೇಕು, ಯಾವ ಅಂಕಿಯನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬುದು ಮುಂದಿದೆ.

ಎಲೆಯ ರೋಗ ಬೇರೆ, ಕುತ್ತಿಗೆಯ ರೋಗ ಬೇರೆ

ಶಿಲೀಂಧ್ರ ಒಂದೇ ಆದರೂ ಪೈರಿನ ಮೇಲೆ ಅದು ಎರಡು ಸಲ ದಾಳಿ ಮಾಡುತ್ತದೆ. ಮೊದಲನೆಯದು ಸಸಿಮಡಿಯಿಂದ ತೆಂಡೆ (ಬುಡದ ಹೊಸ ಕವಲು) ಒಡೆಯುವವರೆಗೆ, ಎಲೆಯ ಮೇಲೆ. ನೂಲುವ ಕದಿರಿನಂತೆ ಎರಡು ತುದಿ ಚೂಪಾದ ಚುಕ್ಕೆ ಬೀಳುತ್ತದೆ, ನಡುವೆ ಬೂದಿ ಬಣ್ಣ, ಅಂಚು ಕಂದು. ಎರಡನೆಯದು ತೆನೆ ಹಾಯುವಾಗ. ತೆನೆಯ ಬುಡದ ಗೆಣ್ಣಿನ ಸುತ್ತ ಕಪ್ಪು ಕಂದು ಉಂಗುರ ಕಟ್ಟಿ ಮೇಲಿನ ಕಾಳಿಗೆ ಹೋಗಬೇಕಾದ ಹಾಲು ನಿಂತುಹೋಗುತ್ತದೆ. ಹಾಲು ತುಂಬುವ ಮೊದಲೇ ಬಂದರೆ ಇಡೀ ತೆನೆ ಬಿಳಿಚಿ ಜೊಳ್ಳಾಗುತ್ತದೆ. ತಡವಾಗಿ ಬಂದರೆ ಅರ್ಧ ತುಂಬಿದ ತೆನೆ ಕುತ್ತಿಗೆ ಮುರಿದು ಜೋತು ಬೀಳುತ್ತದೆ.

ಎಲೆಯ ರೋಗ ಎಷ್ಟೋ ಸಲ ಕಣ್ಣಿಗೆ ಭಯಂಕರವಾಗಿ ಕಂಡರೂ ಪೈರು ಹೊಸ ಎಲೆ ಬಿಟ್ಟು ಚೇತರಿಸಿಕೊಳ್ಳುತ್ತದೆ. ಮುರಿದ ಕುತ್ತಿಗೆಗೆ ಚೇತರಿಕೆಯಿಲ್ಲ. ತೊಡಕು ಏನೆಂದರೆ, ಸಸಿಯಲ್ಲಿ ರೋಗವಿಲ್ಲದೆ ಇದ್ದ ತಳಿಯೇ ತೆನೆಯಲ್ಲಿ ಮುಗ್ಗರಿಸುವುದುಂಟು. ಸಸಿಮಡಿಯ ಪರೀಕ್ಷೆಯೊಂದನ್ನೇ ನೋಡಿ ‘ನಿರೋಧಕ’ ಎಂಬ ಹೆಸರು ಕೊಡುವುದು ಅರ್ಧ ಪರೀಕ್ಷೆ. ಎರಡರಲ್ಲಿ ಒಂದನ್ನೇ ಮಾಡಲು ಸಾಧ್ಯವಿದ್ದರೆ ಕುತ್ತಿಗೆಯ ಎಣಿಕೆಯನ್ನೇ ಆರಿಸಿಕೊಳ್ಳಿ.

ಸಸಿಮಡಿಯಲ್ಲಿ ಒಡ್ಡಿ ನೋಡುವುದು

ಇದರ ಲಾಭವೆಂದರೆ ವೇಗ ಮತ್ತು ಕಡಿಮೆ ಖರ್ಚು. ಒಂದು ತಿಂಗಳಲ್ಲಿ ಇಪ್ಪತ್ತು ತಳಿಗಳಲ್ಲಿ ಹತ್ತನ್ನು ಬದಿಗಿಡಬಹುದು. ಪ್ರತಿ ತಳಿಗೆ ಐದು ಗ್ರಾಂ ಬೀಜ ಸಾಕು.

ನೀರು ನಿಲ್ಲದ ಎತ್ತರದ ಮಡಿ ಮಾಡಿ. ಕೆಸರು ಮಡಿ ಮಾಡಬೇಡಿ, ನಿಂತ ನೀರಿನಲ್ಲಿ ಬೆಂಕಿ ರೋಗದ ಜೋರು ಕಡಿಮೆಯಾಗಿ ದುರ್ಬಲ ತಳಿಯೂ ಗಟ್ಟಿಯಾಗಿ ಕಾಣುತ್ತದೆ. ಅರ್ಧ ಮೀಟರ್ ಉದ್ದದ ಸಾಲು, ಸಾಲಿನಿಂದ ಸಾಲಿಗೆ 10 ಸೆಂಟಿಮೀಟರ್. ಪ್ರತಿ ಐದು ಸಾಲಿಗೊಮ್ಮೆ ರೋಗಕ್ಕೆ ಬೇಗ ತುತ್ತಾಗುವ ತಳಿಯ ಒಂದು ಸಾಲು ಮತ್ತು ಮಡಿಯ ಸುತ್ತಲೂ ಅದೇ ತಳಿಯ ಎರಡು ಸಾಲು ಹಾಕಿ. ಸಂಶೋಧನಾ ಕೇಂದ್ರಗಳಲ್ಲಿ ಇದಕ್ಕೆ ಎಚ್‌ಆರ್-12 ಅಥವಾ ಸಿಒ-39 ಬಳಸುತ್ತಾರೆ, ಹೋಲಿಕೆಗೆ ಇಡುವ ರೋಗ ತಡೆಯುವ ತಳಿಯಾಗಿ ಟೆಟೆಪ್. ಆ ಬೀಜ ಸಿಗದಿದ್ದರೆ ಬಿಪಿಟಿ-5204, ಅಂದರೆ ಸಾಂಬಾ ಮಸೂರಿ, ಸುತ್ತಲಿನ ಸಾಲಿಗೆ ಚೆನ್ನಾಗಿ ಆಗುತ್ತದೆ.

ಯೂರಿಯಾ ಧಾರಾಳವಾಗಿ ಕೊಡಿ, ಇಲ್ಲಿ ರೋಗ ಬರಿಸುವುದೇ ಗುರಿ. ಹೆಕ್ಟೇರಿಗೆ 120 ಕೆ.ಜಿ. ಸಾರಜನಕದ ಲೆಕ್ಕ ಹಿಡಿದರೆ ಒಂದು ಚದರ ಮೀಟರಿಗೆ ಸುಮಾರು 26 ಗ್ರಾಂ ಯೂರಿಯಾ ಆಗುತ್ತದೆ. ಅರ್ಧ ಬಿತ್ತುವಾಗ, ಉಳಿದರ್ಧ ಹದಿನೈದನೇ ದಿನ. ಬಿತ್ತಿದ ಎರಡು ವಾರಕ್ಕೆ ರೋಗ ತಗುಲಿದ ಎಲೆಗಳನ್ನು ಸಣ್ಣಗೆ ಹೆಚ್ಚಿ ಸಾಲಿನ ನಡುವೆ ಉದುರಿಸಿ. ಸಂಜೆ ನಾಲ್ಕಕ್ಕೆ ನೀರು ಚಿಮುಕಿಸಿ ಬಿದಿರಿನ ಗೂಟದ ಮೇಲೆ ಪ್ಲಾಸ್ಟಿಕ್ ಹೊದಿಸಿ, ಬೆಳಗ್ಗೆ ತೆಗೆಯಿರಿ. ಧೋ ಎಂದು ಸುರಿಯುವ ಜುಲೈ ಮಳೆಗಿಂತ ತುಂತುರು ಮತ್ತು ಮಂಜು ಸೇರಿದ ಆಗಸ್ಟ್ ಕೊನೆ, ಸೆಪ್ಟೆಂಬರ್ ಈ ಕೆಲಸಕ್ಕೆ ಒಳ್ಳೆಯದು.

25ರಿಂದ 30ನೇ ದಿನಕ್ಕೆ ಅಂಕ ಹಾಕಿ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ 0–9ರ ಅಳತೆಯನ್ನೇ ಎಲ್ಲರೂ ಬಳಸುವುದು:

- 0: ಚುಕ್ಕೆಯೇ ಇಲ್ಲ
- 1: ಸೂಜಿಮೊನೆಯಷ್ಟು ಕಂದು ಚುಕ್ಕೆ
- 2: ಒಂದೆರಡು ಮಿಲಿಮೀಟರಿನ ದುಂಡು ಚುಕ್ಕೆ, ಹೆಚ್ಚಾಗಿ ಕೆಳಗಿನ ಎಲೆಗಳಲ್ಲಿ
- 3: ಅದೇ ಚುಕ್ಕೆ, ಮೇಲಿನ ಎಲೆಗಳಲ್ಲೂ ಸಾಕಷ್ಟು
- 4: ಮೂರು ಮಿಲಿಮೀಟರ್ ದಾಟಿದ ಕದಿರಿನಾಕಾರದ ಚುಕ್ಕೆ, ಎಲೆಯ ಶೇ 4ಕ್ಕಿಂತ ಕಡಿಮೆ ಭಾಗ
- 5: ಶೇ 4–10
- 6: ಶೇ 11–25
- 7: ಶೇ 26–50
- 8: ಶೇ 51–75, ಹಲವು ಎಲೆ ಸತ್ತಿರುತ್ತದೆ
- 9: ಶೇ 75ಕ್ಕಿಂತ ಹೆಚ್ಚು

ಮೂರರವರೆಗೆ ನಿರೋಧಕ, ನಾಲ್ಕು ಐದು ಸಾಧಾರಣ, ಆರರಿಂದ ಮೇಲೆ ದುರ್ಬಲ. ಮೂರಕ್ಕೂ ನಾಲ್ಕಕ್ಕೂ ನಡುವಿನ ಗೆರೆ ಮುಖ್ಯ. ಅಲ್ಲಿ ಬದಲಾಗುವುದು ಚುಕ್ಕೆಯ ಸಂಖ್ಯೆಯಷ್ಟೇ ಅಲ್ಲ, ಚುಕ್ಕೆಯ ಜಾತಿಯೇ. ಸಣ್ಣ ಕಂದು ಚುಕ್ಕೆ ಎಷ್ಟಿದ್ದರೂ ಅದು ಪೈರು ಶಿಲೀಂಧ್ರವನ್ನು ತಡೆದ ಗುರುತು. ಬೂದಿ ನಡುವಿನ ಕದಿರು ಚುಕ್ಕೆ ಒಂದೇ ಇದ್ದರೂ ಅಲ್ಲಿ ಬೀಜಾಣು ಹುಟ್ಟುತ್ತಿದೆ ಎಂದರ್ಥ.

ಸುತ್ತಲಿನ ದುರ್ಬಲ ತಳಿ ಕನಿಷ್ಠ 7 ಮುಟ್ಟದಿದ್ದರೆ ಆ ಸಲದ ಅಂಕಗಳನ್ನೆಲ್ಲ ಬಿಟ್ಟುಬಿಡಿ. ಅಲ್ಲಿ ತಳಿಗಳು ಗೆದ್ದಿಲ್ಲ, ರೋಗವೇ ಬಂದಿಲ್ಲ. ‘ಹೊಸ ತಳಿಗೆ ಏನೂ ಆಗಲಿಲ್ಲ’ ಎಂಬ ಸಂತೋಷದ ಸುದ್ದಿಗಳಲ್ಲಿ ಬಹಳಷ್ಟು ಹೀಗೆ ಹುಟ್ಟಿದವು.

ಕಂದು ಚುಕ್ಕೆ ರೋಗವನ್ನು ಬೆಂಕಿ ರೋಗವೆಂದು ಎಣಿಸುವ ತಪ್ಪೂ ಸಾಮಾನ್ಯ. ಅದರ ಚುಕ್ಕೆ ಎಳ್ಳಿನಂತೆ ಮೊಟ್ಟೆಯಾಕಾರ, ತುದಿ ಚೂಪಾಗಿರುವುದಿಲ್ಲ, ಎಲೆ ತುಂಬ ಹರಡಿರುತ್ತದೆ. ಪೊಟ್ಯಾಷ್ ಕಡಿಮೆಯಾದ, ಸತ್ವ ಸೋರಿಹೋದ ಮಣ್ಣಿನಲ್ಲಿ ಹೆಚ್ಚು. ತಳಿ ಬದಲಿಸಿದರೆ ಅದು ಹೋಗುವುದಿಲ್ಲ, ಗೊಬ್ಬರ ಸರಿಪಡಿಸಬೇಕು.

ಗದ್ದೆಯಲ್ಲಿ ನೋಡುವುದು: ಮದ್ದು ಹೊಡೆದ ತುಂಡು, ಹೊಡೆಯದ ತುಂಡು

ಸಸಿಮಡಿಯಲ್ಲಿ ಉಳಿದ ಐದಾರು ತಳಿಗಳನ್ನು ಗದ್ದೆಗೆ ತನ್ನಿ. ಒಂದು ತುಂಡಿನ ಅಳತೆ 5 ಮೀಟರ್ ಉದ್ದ, 2 ಮೀಟರ್ ಅಗಲ. ಸಾಲಿನ ನಡುವೆ 20, ಬುಡದಿಂದ ಬುಡಕ್ಕೆ 10 ಸೆಂಟಿಮೀಟರ್, ಬುಡಕ್ಕೆ ಎರಡು ಸಸಿ. ಅಂದರೆ ತುಂಡಿಗೆ 10 ಸಾಲು, ಸಾಲಿಗೆ 50 ಬುಡ. ಗದ್ದೆಯನ್ನು ನೀರು ಹರಿಯುವ ದಿಕ್ಕಿಗೆ ಅಡ್ಡವಾಗಿ ಮೂರು ಪಟ್ಟಿ ಮಾಡಿ, ಪ್ರತಿ ಪಟ್ಟಿಯಲ್ಲೂ ಎಲ್ಲ ತಳಿ ಬರಲಿ, ಜಾಗವನ್ನು ಚೀಟಿ ಎತ್ತಿ ನಿರ್ಧರಿಸಿ. ಮೇಲಿನ ಗದ್ದೆಯಿಂದ ನೀರು ಇಳಿಯುವ ಬಾಯಿಯ ಹತ್ತಿರ ಗೊಬ್ಬರದ ಸಾರ ನಿಲ್ಲುತ್ತದೆ, ಅಲ್ಲಿ ಬೆಳೆದ ತಳಿ ಯಾವುದಾದರೂ ಚೆನ್ನಾಗಿಯೇ ಕಾಣುತ್ತದೆ, ರೋಗವೂ ಅಲ್ಲಿ ಹೆಚ್ಚು. ಮೂರು ಪಟ್ಟಿ, ಚೀಟಿ ಎರಡೂ ಬೇಕಾಗುವುದು ಇದಕ್ಕೇ.

ಈಗ ಮುಖ್ಯ ವಿಷಯ. ಪ್ರತಿ ತಳಿಗೂ ಪ್ರತಿ ಪಟ್ಟಿಯಲ್ಲಿ ಎರಡು ತುಂಡು ಇಡಿ: ಒಂದಕ್ಕೆ ಶಿಲೀಂಧ್ರನಾಶಕ ಹೊಡೆಯಿರಿ, ಇನ್ನೊಂದಕ್ಕೆ ಬೇಡ. ಟ್ರೈಸೈಕ್ಲಜೋಲ್ 75 ಡಬ್ಲ್ಯೂಪಿ (ನೀರಿನಲ್ಲಿ ಕಲಸುವ ಪುಡಿ) ಲೀಟರಿಗೆ 0.6 ಗ್ರಾಂ, ಹೊಡೆ ತುಂಬಿದಾಗ (ತೆನೆ ಇನ್ನೂ ಎಲೆಕವಚದೊಳಗೆ ಉಬ್ಬಿರುವಾಗ) ಒಮ್ಮೆ, ಅರ್ಧ ತೆನೆ ಹೊರಬಂದಾಗ ಮತ್ತೊಮ್ಮೆ. ಹತ್ತು ಚದರ ಮೀಟರಿಗೆ ಅರ್ಧ ಲೀಟರ್ ದ್ರಾವಣ ಸಾಕು. ಗಾಳಿಯಿಲ್ಲದ ಹೊತ್ತಿನಲ್ಲಿ, ಪಕ್ಕದ ತುಂಡಿಗೆ ಹಾರದಂತೆ ಪ್ಲಾಸ್ಟಿಕ್ ಹಾಳೆ ಅಡ್ಡ ಹಿಡಿದು ಹೊಡೆಯಬೇಕು. ಮದ್ದು ಹೊಡೆದ ತುಂಡು ಆ ತಳಿಯ ಶಕ್ತಿ ತೋರಿಸುತ್ತದೆ, ಹೊಡೆಯದ್ದು ರೋಗದ ಎದುರು ಎಷ್ಟು ಉಳಿಯಿತು ಎಂದು ತೋರಿಸುತ್ತದೆ. ಎರಡರ ವ್ಯತ್ಯಾಸವೇ ನಷ್ಟ. ಇದೊಂದು ಮಾಡದೆ ಇಳುವರಿ ಮಾತ್ರ ತೂಗಿದರೆ, ಕಡಿಮೆ ಬಂದದ್ದು ರೋಗದಿಂದಲೋ ತಳಿಯ ಗುಣದಿಂದಲೋ ಗೊತ್ತಾಗುವುದೇ ಇಲ್ಲ.

ಆರು ತಳಿ, ಮೂರು ಪಟ್ಟಿ, ಎರಡು ತುಂಡು: ಒಟ್ಟು 36 ತುಂಡು, 360 ಚದರ ಮೀಟರ್, ಒಂಬತ್ತು ಸೆಂಟ್. ನಡೆದಾಡುವ ಜಾಗ ಸೇರಿ ಹನ್ನೆರಡು ಸೆಂಟ್ ಇಟ್ಟುಕೊಳ್ಳಿ.

ಸಾರಜನಕ ಎಲ್ಲ ತುಂಡಿಗೂ ಒಂದೇ ಇರಲಿ, ನೀವು ನಿಜವಾಗಿ ಹಾಕುವಷ್ಟೇ. ಎಕರೆಗೆ 30 ಕೆ.ಜಿ. ಸಾರಜನಕವಾದರೆ ಹತ್ತು ಚದರ ಮೀಟರಿಗೆ 161 ಗ್ರಾಂ ಯೂರಿಯಾ. ನಾಟಿಗೆ 80, ತೆಂಡೆ ಒಡೆಯುವಾಗ 40, ಹೊಡೆ ಕಟ್ಟುವ ಮೊದಲು 40 ಎಂದು ತೂಕ ಮಾಡಿ ಪೊಟ್ಟಣ ಕಟ್ಟಿಟ್ಟುಕೊಳ್ಳಿ. ರಂಜಕಕ್ಕೆ ಡಿಎಪಿ ಬದಲು ಸೂಪರ್ ಫಾಸ್ಫೇಟ್ ಬಳಸಿ, ಡಿಎಪಿಯಲ್ಲೂ ಸಾರಜನಕ ಇರುವುದರಿಂದ ಲೆಕ್ಕ ತಪ್ಪುತ್ತದೆ. ಕೈಯಳತೆಯಲ್ಲಿ ಎರಚಿದರೆ ಒಂದು ತುಂಡಿಗೆ ಹೆಚ್ಚು ಬೀಳುತ್ತದೆ, ಹಸಿರು ಹೆಚ್ಚಿದ ಆ ತುಂಡಿಗೇ ರೋಗ ಮೊದಲು ಬರುತ್ತದೆ, ತಪ್ಪು ತಳಿಯ ತಲೆಗೆ ಬರುತ್ತದೆ.

ಎಣಿಸುವ ದಿನ, ತೂಗುವ ದಿನ

ತೆನೆ ಪೂರ್ತಿ ಹಾಯ್ದ 20ರಿಂದ 25 ದಿನಕ್ಕೆ ತುಂಡಿನ ಮೂಲೆಯಿಂದ ಮೂಲೆಗೆ ನಡೆಯುತ್ತಾ ನೂರು ತೆನೆ ಹಿಡಿದು ನೋಡಿ. ಕುತ್ತಿಗೆಯಲ್ಲಿ ಕಪ್ಪು ಉಂಗುರ ಇದ್ದವನ್ನು ಮಾತ್ರ ಎಣಿಸಿ. ಬಿಳಿ ತೆನೆಯೆಲ್ಲ ಬೆಂಕಿ ರೋಗವಲ್ಲ. ಹಿಡಿದೆಳೆದರೆ ಸುಲಭವಾಗಿ ಕಿತ್ತು ಬಂದು, ಒಳಗೆ ಹುಳು ಕೊರೆದ ಗುರುತಿದ್ದರೆ ಅದು ಕಾಂಡಕೊರಕ. ಬೆಂಕಿ ರೋಗದ ತೆನೆ ಕಿತ್ತು ಬರುವುದಿಲ್ಲ, ಕುತ್ತಿಗೆಯಲ್ಲಿ ಮುರಿಯುತ್ತದೆ. ತೆನೆಯೇ ಬಿಡಿಸಿಕೊಳ್ಳದೆ ಬೂದು ಬಣ್ಣದ ಕಡ್ಡಿಯಂತೆ ನೆಟ್ಟಗೆ ಹೊರಬಂದಿದ್ದರೆ ಅದು ಊದುಬತ್ತಿ ರೋಗ, ಬೀಜದಿಂದ ಬರುವಂಥದ್ದು. ಅದನ್ನು ಬೇರೆ ಬರೆದಿಡಿ, ಆ ತುಂಡಿನಿಂದ ಬೀಜ ತೆಗೆಯಬೇಡಿ.

ಅಂಕ ಹೀಗೆ: ಒಂದೂ ಇಲ್ಲದಿದ್ದರೆ 0, ಶೇ 5ಕ್ಕಿಂತ ಕಡಿಮೆ ಕುತ್ತಿಗೆಗೆ ಬಂದಿದ್ದರೆ 1, ಶೇ 5–10ಕ್ಕೆ 3, ಶೇ 11–25ಕ್ಕೆ 5, ಶೇ 26–50ಕ್ಕೆ 7, ಅರ್ಧ ದಾಟಿದರೆ 9.

ಕೊಯ್ಲಿನಲ್ಲಿ ಎರಡು ಬದಿಯ ಒಂದೊಂದು ಸಾಲು, ಸಾಲಿನ ಎರಡು ತುದಿಯ ಎರಡೆರಡು ಬುಡ ಬಿಟ್ಟುಬಿಡಿ. ಅಂಚಿನ ಬುಡಕ್ಕೆ ಬಿಸಿಲು, ಜಾಗ ಹೆಚ್ಚು ಸಿಕ್ಕಿರುತ್ತದೆ. ಉಳಿಯುವುದು 8 ಸಾಲು, ಸಾಲಿಗೆ 46 ಬುಡ, ಅಂದರೆ 7.36 ಚದರ ಮೀಟರ್. ಒಕ್ಕಿ, ತೂರಿ, ಜೊಳ್ಳು ತೆಗೆದು ತೂಗಿ. ತೇವಾಂಶ ಮಾಪಕದಲ್ಲಿ ನೋಡಿ ಶೇ 14ಕ್ಕೆ ಹೊಂದಿಸಿ: ತೂಕವನ್ನು (100 − ತೇವಾಂಶ)ದಿಂದ ಗುಣಿಸಿ 86ರಿಂದ ಭಾಗಿಸುವುದು. ಉದಾಹರಣೆಗೆ 3.4 ಕೆ.ಜಿ. ಭತ್ತ, ತೇವಾಂಶ ಶೇ 20 ಇದ್ದರೆ ಲೆಕ್ಕಕ್ಕೆ ಬರುವುದು 3.16 ಕೆ.ಜಿ. ಎಕರೆಗೆ 4,047 ಚದರ ಮೀಟರ್, ಹಾಗಾಗಿ ಸುಮಾರು 17.4 ಕ್ವಿಂಟಲ್. ತೇವಾಂಶ ನೋಡದೆ ತೂಗಿದ್ದರೆ 18.7 ಎಂದು ಬರೆದುಕೊಳ್ಳುತ್ತಿದ್ದಿರಿ. ತಡವಾಗಿ ಬಲಿಯುವ ತಳಿ ಹಸಿಯಾಗಿರುವಾಗಲೇ ಕೊಯ್ದು ಅದಕ್ಕೆ ಪುಕ್ಕಟೆ ಒಂದು ಕ್ವಿಂಟಲ್ ಕೊಡುವುದು ಹೀಗೆಯೇ.

ಒಂದು ಸಣ್ಣ ಕೆಲಸ ಇನ್ನೂ ಇದೆ, ಬಿಡಬೇಡಿ. ಮದ್ದು ಹೊಡೆಯದ ತುಂಡಿನಿಂದ ಹತ್ತು ಆರೋಗ್ಯದ ತೆನೆ, ಹತ್ತು ಕುತ್ತಿಗೆ ರೋಗದ ತೆನೆ ಬೇರೆ ಬೇರೆ ಉದುರಿಸಿ ಗಟ್ಟಿ ಕಾಳು ತೂಗಿ. ಒಂದು ಆರೋಗ್ಯದ ತೆನೆಗೆ ಸರಾಸರಿ 2.4 ಗ್ರಾಂ, ಒಂದು ರೋಗದ ತೆನೆಗೆ 1 ಗ್ರಾಂ ಬಂತೆನ್ನಿ. ಅಂದರೆ ರೋಗ ಬಂದ ಪ್ರತಿ ತೆನೆ ಶೇ 58 ಕಳೆದುಕೊಂಡಿದೆ. ಇದನ್ನು ಕುತ್ತಿಗೆ ರೋಗದ ಶೇಕಡಾ ಜೊತೆ ಗುಣಿಸಿದರೆ ತಳಿಯ ನಷ್ಟ ಸಿಗುತ್ತದೆ.

ಲೆಕ್ಕ ಯಾವ ಕಡೆ ವಾಲುತ್ತದೆ

ಒಂದು ತಳಿ ರೋಗವಿಲ್ಲದಾಗ 22 ಕ್ವಿಂಟಲ್ ಕೊಡುತ್ತದೆ, ರೋಗದ ವರ್ಷ ಶೇ 35 ಕುತ್ತಿಗೆ ಹೋಗುತ್ತದೆ ಎನ್ನೋಣ. ಇನ್ನೊಂದು ಕೊಡುವುದು 20 ಕ್ವಿಂಟಲ್, ಹೋಗುವುದು ಶೇ 5. ಮೇಲಿನ ಶೇ 58ರ ಲೆಕ್ಕದಲ್ಲಿ ರೋಗದ ವರ್ಷ ಮೊದಲನೆಯದು 17.5ಕ್ಕೆ ಇಳಿಯುತ್ತದೆ, ಎರಡನೆಯದು 19.4ರಲ್ಲಿ ನಿಲ್ಲುತ್ತದೆ. ಒಳ್ಳೆಯ ವರ್ಷ ಎರಡು ಕ್ವಿಂಟಲ್ ಲಾಭ, ಕೆಟ್ಟ ವರ್ಷ ಹತ್ತಿರ ಹತ್ತಿರ ಅಷ್ಟೇ ನಷ್ಟ. ಎರಡು ವರ್ಷಕ್ಕೊಮ್ಮೆಗಿಂತ ಹೆಚ್ಚು ಸಲ ರೋಗ ಬರುವ ಗದ್ದೆಗೆ ಎರಡನೆಯ ತಳಿ, ಅದಕ್ಕಿಂತ ಕಡಿಮೆ ಬರುವ ಗದ್ದೆಗೆ ಮೊದಲನೆಯದು. ರೋಗ ಬೇಗ ಬಂದು ತೆನೆಯೇ ಜೊಳ್ಳಾಗುವ ಗದ್ದೆಯಲ್ಲಿ ತಕ್ಕಡಿ ಇನ್ನಷ್ಟು ಎರಡನೆಯದರ ಕಡೆಗೇ.

ಸುತ್ತ ಕಾಫಿ ತೋಟದ ಮರಗಳ ನೆರಳು ಬಿದ್ದು, ಹತ್ತು ಗಂಟೆಯಾದರೂ ಮಂಜು ಕರಗದ ಇಕ್ಕಟ್ಟಿನ ಗದ್ದೆಗಳಲ್ಲಿ ನಮ್ಮ ಸಲಹೆ ನೇರ: ಕುತ್ತಿಗೆ ಅಂಕ 5 ಮುಟ್ಟಿದ ತಳಿಯನ್ನು ಎಷ್ಟೇ ಇಳುವರಿ ಕೊಟ್ಟರೂ ಬಿಡಿ. ಕುಶಾಲನಗರ, ಹೆಬ್ಬಾಲೆ ಕಡೆಯ ಹಾರಂಗಿ ನಾಲೆಯ ಬಯಲಿನಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು, ಗಾಳಿಯಾಡುತ್ತದೆ. ಅಲ್ಲಿ ಅಂಕ 5ರ ತಳಿಯನ್ನು ಒಂದು ಸಿಂಪರಣೆಯ ಖರ್ಚು ಸೇರಿಸಿ ಲೆಕ್ಕ ಹಾಕಿ ನೋಡಬಹುದು.

ಅವಧಿ ಮೋಸ ಮಾಡುವ ಬಗೆ

ತಳಿಗಳ ಅವಧಿ ಬೇರೆಯಾದರೆ ಅವು ಬೇರೆ ಬೇರೆ ಹವೆಯಲ್ಲಿ ತೆನೆ ಹಾಯುತ್ತವೆ. 120 ದಿನದ ತಳಿ ಮಳೆಯಲ್ಲೇ ಹಾಯ್ದು, ಇಬ್ಬನಿಯ ಕಾಲ ಬರುವಷ್ಟರಲ್ಲಿ ಬಲಿತಿರುತ್ತದೆ. ಅದು ರೋಗವನ್ನು ತಡೆದಿಲ್ಲ, ತಪ್ಪಿಸಿಕೊಂಡಿದೆ. ಮರುವರ್ಷ ಮಳೆ ಬೇಗ ಸರಿದರೆ ಅದೇ ತಳಿ ನೆಲಕಚ್ಚುತ್ತದೆ. ಹಾಗಾಗಿ ಹೋಲಿಕೆಗೆ ಇಡುವ ದುರ್ಬಲ ತಳಿ ಅದೇ ಅವಧಿಯದ್ದಾಗಿರಬೇಕು, ಇಲ್ಲವೇ ತೆನೆ ಒಂದೇ ವಾರದಲ್ಲಿ ಬರುವಂತೆ ಬಿತ್ತನೆಯನ್ನು ಹಿಂದೆ ಮುಂದೆ ಮಾಡಬೇಕು. ಕಡಿಮೆ ಅವಧಿಯ ತಳಿಗೆ ನಮ್ಮಲ್ಲಿ ಬೇರೆ ಶಿಕ್ಷೆಯೂ ಇದೆ: ಹೂವಿನ ಹೊತ್ತಿನ ಮಳೆಗೆ ಜೊಳ್ಳು, ನವೆಂಬರಿನ ಮಳೆಗೆ ಕೊಯ್ಲಿನಲ್ಲೇ ಮೊಳಕೆ. ಸುತ್ತಲಿನ ಗದ್ದೆ ಹಸಿರಿರುವಾಗ ಒಂದೇ ತುಂಡು ಹಣ್ಣಾದರೆ ಹಂದಿ, ನವಿಲು ಅಲ್ಲಿಗೇ ಬರುತ್ತವೆ, ತಿತಿಮತಿ ಕಡೆಯಲ್ಲಿ ಆನೆಯೂ.

ಹೆಸರು ಹಿಡಿದು ಹೇಳುವುದಾದರೆ

ಇಂಟಾನ್ ಇಂಡೋನೇಷ್ಯಾ ಮೂಲದ ದೀರ್ಘಾವಧಿ ತಳಿ, ತಣ್ಣನೆಯ ಬಯಲ ಗದ್ದೆಗೆ ಹೊಂದಿಕೊಂಡದ್ದು. ಹುಲ್ಲು ಚೆನ್ನಾಗಿ ಸಿಗುತ್ತದೆ, ಕೊಯ್ಲು ಒಣ ಹವೆಗೆ ಸಿಕ್ಕುತ್ತದೆ. ಅದು ತೆನೆ ಹಾಯುವುದು ಮಾತ್ರ ಇಬ್ಬನಿಯ ನಟ್ಟನಡುವೆ. ಬೆಳೆಯುತ್ತಿದ್ದರೆ ಹೋಲಿಕೆಯಲ್ಲಿ ಅದನ್ನೂ ಇಡಿ, ಹೊಸದು ಗೆಲ್ಲಬೇಕಾದ್ದು ಇದನ್ನೇ. ಗುಡ್ಡಗಾಡು ವಲಯಕ್ಕೆ ಶಿಫಾರಸಾದ ತುಂಗಾವನ್ನು ಬೆಂಕಿ ರೋಗ ಕಾಡುವ ಗದ್ದೆಗಳವರು ಮೊದಲು ಪರೀಕ್ಷೆಗೆ ತೆಗೆದುಕೊಳ್ಳಬೇಕು. ಬಿಪಿಟಿ-5204ರ ಅನ್ನ ಎಷ್ಟೇ ಚೆಂದವಿದ್ದರೂ ದಕ್ಷಿಣ ಕೊಡಗಿನ ಮಂಜಿನ ಗದ್ದೆಗೆ ಅದು ಬೇಡ. ಐಆರ್-64 ಮಧ್ಯಮ ಮಟ್ಟದಲ್ಲಿ ತಡೆದುಕೊಳ್ಳುತ್ತದೆ, ಆದರೆ 120 ದಿನದೊಳಗಿನದು, ನೀರಾವರಿಯ ಪೂರ್ವ ಭಾಗಕ್ಕೆ ಹೆಚ್ಚು ಸರಿ. ಕೇರಳದ ಪಟ್ಟಾಂಬಿಯ ಜ್ಯೋತಿ ಕೆಂಪಕ್ಕಿಯದು, ಅದಕ್ಕೆ ಎಲೆಕವಚ ಒಣಗುವ ರೋಗದ ಕಾಟ ಬೇರೆ, ಆ ಅಂಕವನ್ನೂ ಹಾಕಬೇಕು. ಜೀರಿಗೆ ಸಣ್ಣದಂಥ ನಾಡತಳಿಗಳನ್ನು ಇಳುವರಿಯಲ್ಲಿ ಅಳೆಯದೆ, ಸಿಗುವ ಬೆಲೆಯಲ್ಲಿ ಅಳೆಯಿರಿ. ಅವಕ್ಕೆ ಯೂರಿಯಾ ಹೆಚ್ಚಿಸಿದರೆ ಪೈರು ಮಲಗುತ್ತದೆ, ರೋಗವೂ ಏರುತ್ತದೆ.

ಕಡಂಬುಟ್ಟು, ಪಾಪುಟ್ಟಿನಂಥ ಕೊಡಗಿನ ತಿಂಡಿಗಳಿಗೆ ಅಕ್ಕಿ ತರಿ ಮಾಡುವ ಮನೆಯವರು ಎರಡು ಕೆ.ಜಿ. ಭತ್ತವನ್ನು ಮಿಲ್ಲಿಗೆ ಹಾಕಿಸಿ ತರಿಯನ್ನೂ ಪರೀಕ್ಷಿಸಿ. ರೋಗ ಬಂದ ತುಂಡಿನ ಭತ್ತದಲ್ಲಿ ಸುಣ್ಣದಂತೆ ಬೆಳ್ಳಗಿನ ಅರೆಬಲಿತ ಕಾಳು ಹೆಚ್ಚಿದ್ದು ಮಿಲ್ಲಿನಲ್ಲಿ ನುಚ್ಚಾಗುತ್ತದೆ, ತೂಕದ ಲೆಕ್ಕದಲ್ಲಿ ಕಾಣದ ನಷ್ಟ ಅಲ್ಲಿ ಕಾಣುತ್ತದೆ.

ಎಷ್ಟು ವರ್ಷ ನೋಡಬೇಕು

ಕನಿಷ್ಠ ಎರಡು, ಸಾಧ್ಯವಾದರೆ ಮೂರು. ಹವೆ ಒಂದು ಕಾರಣ, ಶಿಲೀಂಧ್ರವೇ ಇನ್ನೊಂದು. ಈ ಶಿಲೀಂಧ್ರದಲ್ಲಿ ಹಲವು ಬಗೆಗಳಿವೆ. ಒಂದೇ ವಂಶವಾಹಿಯ ಬಲದ ಮೇಲೆ ನಿಂತ ತಳಿ ಮೊದಲ ವರ್ಷ 0 ತೋರಿಸಿ, ಊರೆಲ್ಲ ಅದನ್ನೇ ಬೆಳೆದ ಮೇಲೆ ಹೊಸ ಬಗೆಗೆ ಒಮ್ಮೆಲೇ ಸೋಲಬಹುದು. ಮೂರು ವರ್ಷವೂ 2–3ರಲ್ಲೇ ಉಳಿದು, ನಿಧಾನವಾಗಿ ಸಣ್ಣ ಚುಕ್ಕೆ ತೋರಿಸುವ ತಳಿಯನ್ನು ನಾವು ಒಂದು ವರ್ಷದ 0ಗಿಂತ ಹೆಚ್ಚು ನಂಬುತ್ತೇವೆ. ಆರಿಸಿದ ಮೇಲೂ ಎಲ್ಲ ಗದ್ದೆಗೆ ಒಂದೇ ತಳಿ ಹಾಕದೆ ಎರಡು ತಳಿಗೆ ಹಂಚಿ.

ಪರೀಕ್ಷೆಯ ಬೀಜವನ್ನು ಪ್ರತಿ ವರ್ಷ ಒಂದೇ ಮೂಲದಿಂದ ತನ್ನಿ. ನೂರು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಕನಿಷ್ಠ 80 ಮೊಳೆತರೆ ಮಾತ್ರ ಬಿತ್ತಿ. ಒಂದಕ್ಕೆ ಬೀಜೋಪಚಾರ ಮಾಡಿ ಇನ್ನೊಂದಕ್ಕೆ ಬಿಟ್ಟರೆ ಹೋಲಿಕೆ ಅಲ್ಲೇ ಕೆಟ್ಟಿತು, ಆದ್ದರಿಂದ ಯಾವುದಕ್ಕೂ ಬೇಡ. ಪೊನ್ನಂಪೇಟೆಯ ಕೃಷಿ ಸಂಶೋಧನಾ ಕೇಂದ್ರ ಮತ್ತು ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಏಪ್ರಿಲ್‌ನಲ್ಲೇ ವಿಚಾರಿಸಿ. ಮೇ ಕೊನೆಗೆ ಹೋದರೆ ಬೇಕಾದ ತಳಿಯ ಬೀಜ ಸಿಗದೆ, ಇದ್ದದ್ದನ್ನು ತಂದು ಹಾಕುವ ಸ್ಥಿತಿ ಬರಬಹುದು.